ಚೈನೀಸ್ ಹೋಟೆಲಿನ ಮೂರನೆಯ ಖೋಲಿ

ಕೇಶ್ವಾಪುರದಲ್ಲಿ ನಮ್ಮ ಓಣಿ ದೊಡ್ಡ ರಸ್ತೆಗೆ ಕೂಡುವ ಮೂಲೆಯಲ್ಲಿ ಈಗ ಮೊಬೈಲ್ ಅಂಗಡಿ ಇದೆಯಲ್ಲ, ಅಲ್ಲಿ ಮೊದಲು ಒಂದು ಚೈನೀಸ್ ಹೋಟೆಲ್ ಇತ್ತು. ನೀವು ಅದನ್ನು ನೋಡಿಲ್ಲ. ನಿಮ್ಮ ಅವ್ವ ನೋಡಿದ್ದಾಳೆ, ಆದರೆ ಅದರ ಮೂರನೆಯ ಖೋಲಿಯ ಸಂಗತಿ ಅವಳಿಗೂ ಪೂರ್ತಿ ಗೊತ್ತಿಲ್ಲ. ಎದುರಿಗೆ ಕೂತು ಹೇಳಲು ನನಗೆ ಸಂಕೋಚ. ಬರೆದರೆ ಆದೀತು ಅನ್ನಿಸಿತು. ನಾನು ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಗ ನಮ್ಮ ಮನೆಯಲ್ಲಿ ಮೂರು ಕೋಣೆ, ಒಂಬತ್ತು ಜನ. ನನ್ನ ಅತ್ತೆ, ಭಾವನವರ ಸಂಸಾರ, ನಾನು, ನಿಮ್ಮ ಅಜ್ಜ, ನಮ್ಮ ಮಗಳಾದ ನಿಮ್ಮ ಅವ್ವ. ರಾತ್ರಿ ಹೆಂಗಸರು ಮಕ್ಕಳು ಒಳಗೆ, ಗಂಡಸರು ಪಡಸಾಲೆಯಲ್ಲಿ. ಹಿರಿಯರ ಮುಂದೆ ಗಂಡ ಹೆಂಡತಿ ಮಾತನಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಬೈದರೆ ನಡೆಯುತ್ತಿತ್ತು, ಮಾತನಾಡಿದರೆ ನಡೆಯುತ್ತಿರಲಿಲ್ಲ. ನಿಮ್ಮ ಅಜ್ಜ ಬೈಯುವವರೂ ಅಲ್ಲ. ಹಾಗಾಗಿ ನನ್ನ ಪಾಲಿಗೆ ಬೈಗುಳವೂ ಇಲ್ಲ, ಮಾತೂ ಇಲ್ಲ.

ಏನಾದರೂ ಬೇಕಾದರೆ ನಿಮ್ಮ ಅವ್ವನ ಮುಖಾಂತರ ಬರುತ್ತಿತ್ತು. ನಾನು ಮೂರು ಮಾರು ದೂರದಲ್ಲಿ ನಿಂತಿರುತ್ತಿದ್ದೆ. ಅವರು ಅವಳ ಕಡೆ ನೋಡಿ, "ನಿಮ್ಮವ್ವಗ ಹೇಳು, ಅಂಗಿ ಗುಂಡಿ ಕಿತ್ತೈತಿ" ಅನ್ನುವರು. ನಾನೂ ಅವಳ ಕಡೆ ನೋಡಿ, "ನಿಮ್ಮಪ್ಪಗ ಹೇಳು, ಸಂಜಿಕ ಹಚ್ಚಿಕೊಡ್ತೇನಂತ" ಅನ್ನುವೆ. ನಿಮ್ಮ ಅವ್ವ ಯಾರಿಗೂ ಏನೂ ಹೇಳುತ್ತಿರಲಿಲ್ಲ, ತನ್ನ ಪಾಡಿಗೆ ಕುಂಟೆಬಿಲ್ಲೆ ಆಡುತ್ತಿದ್ದಳು. ಮಾತು ತಾನೇ ಮುಟ್ಟುತ್ತಿತ್ತು.

ನಿಮ್ಮ ಅಜ್ಜ ದುರ್ಗದಬೈಲಿನ ಒಂದು ಸೀರೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದರು. ಅವರು ಬಾಯಿ ತೆರೆದರೆ ಗಿರಾಕಿ ಎದ್ದು ಹೋಗುವುದಿಲ್ಲ ಎಂದು ಪೇಟೆಯಲ್ಲಿ ಹೆಸರಿತ್ತಂತೆ. ಒಮ್ಮೆ ನೆರೆಮನೆಯ ಹೆಂಗಸರ ಜೊತೆ ಬಳೆ ಇಡಿಸಿಕೊಳ್ಳಲು ಪೇಟೆಗೆ ಹೋಗಿದ್ದೆ. ಅವರ ಅಂಗಡಿಯ ಮುಂದೆ ಹಾಯುವಾಗ ಒಳಗಿನಿಂದ ದನಿ ಕೇಳಿತು. "ಅಕ್ಕಾರ, ಈ ದಡಿ ಒಂದ್ ಸಲ ಕೈಲೆ ಮುಟ್ಟಿ ನೋಡ್ರಿ. ತಗೊಳ್ಳೂದು ಬಿಡೂದು ಆಮ್ಯಾಲ." ಆ ದನಿಯಲ್ಲಿ ನಗು ಇತ್ತು. ನನಗೆ ಆ ದನಿ ಗೊತ್ತೇ ಇರಲಿಲ್ಲ. ಹೆಂಗಸರು ಸೆರಗು ಹಿಡಿದು ಜಗ್ಗುವವರೆಗೂ ಅಲ್ಲೇ ನಿಂತೆ. ಆ ಗಿರಾಕಿಗಳ ಮೇಲೆ ನನಗೆ ಹೊಟ್ಟೆಕಿಚ್ಚೇನೂ ಆಗಲಿಲ್ಲ. ಅವರಿಗೆ ಸಿಗುವ ಮಾತು ನನಗೂ ಒಂದಿಷ್ಟು ಸಿಗಬಾರದೇ ಅನ್ನಿಸಿತು, ಅಷ್ಟೇ. ಮನೆಗೆ ಬಂದ ಮೇಲೂ ಅದೇ ಅನ್ನಿಸುತ್ತಿತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ತಲೆನೋವು ಹೆಚ್ಚಾಗಿ, ಅಂಗಡಿಯ ರಜೆಯ ದಿನ ಅವರು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕಣ್ಣಿಗೆ ಔಷಧ ಬಿಟ್ಟರು. ಹೊರಗೆ ಬಂದರೆ ಬಿಸಿಲು ಸೂಜಿಯ ಹಾಗೆ ಚುಚ್ಚಿತು, ಎದುರಿನದೇನೂ ಕಾಣದು. ಅವರು ಎರಡು ಹೆಜ್ಜೆ ಮುಂದೆ, ನಾನು ಅವರ ಬಿಳಿ ಅಂಗಿಯ ಗುರುತು ಹಿಡಿದು ಹಿಂದೆ. ನಮ್ಮ ಓಣಿಯ ಮೂಲೆಗೆ ಬರುವಷ್ಟರಲ್ಲಿ ಕಣ್ಣಿನಿಂದ ನೀರು ಸುರಿದು ನಿಂತುಬಿಟ್ಟೆ.

"ಅಣ್ಣಾರ, ಅವರ ಕಣ್ಣಿಗೆ ಔಷಧ ಹಾಕ್ಯಾರೇನ್ರಿ? ಬಿಸಲಾಗ ಯಾಕ ನಿಂದರ್ಸೀರಿ? ಒಳಗ ಬರ್ರಿ, ನೆರಳೈತಿ."

ಕರೆದವಳು ಚೈನೀಸ್ ಹೋಟೆಲಿನ ಒಡತಿ. ಅವಳ ಹಿರಿಯರು ಕಲ್ಕತ್ತೆಯಿಂದ ಬಂದ ಚೀನೀಯರು. ಅವಳು ಹುಟ್ಟಿದ್ದು ಬೆಳೆದದ್ದು ಹುಬ್ಬಳ್ಳಿಯಲ್ಲೇ. ಗಂಡ ಒಳಗೆ ಅಡಿಗೆ ಮಾಡುವನು, ಇವಳು ದುಡ್ಡಿನ ಗಲ್ಲೆಯ ಮೇಲೆ. ಹೋಟೆಲು ಶುರುವಾಗಿ ವರ್ಷ ಆಗಿತ್ತು, ನಮ್ಮ ಓಣಿಯ ಒಬ್ಬರೂ ಒಳಗೆ ಕಾಲಿಟ್ಟಿರಲಿಲ್ಲ. ಸೂಪಿನಲ್ಲಿ ಕಪ್ಪೆ ಹಾಕುತ್ತಾರೆಂದು ಒಬ್ಬಳು ಎಬ್ಬಿಸಿದ ಸುದ್ದಿ ಎಲ್ಲ ಮನೆ ತಿರುಗಿತ್ತು. ಒಂದು ದಿನ ನಳದ ಹತ್ತಿರ ಯಾರೋ ನೇರವಾಗಿ ಕೇಳಿಯೂಬಿಟ್ಟರು. ಅವಳು ಕೊಡ ಇಳಿಸಿ, "ಕಪ್ಪಿ ಹಿಡ್ಯಾಕ ನನಗ ವ್ಯಾಳ್ಯಾ ಎಲ್ಲೈತ್ರೀ? ನೀವ ಹಿಡದು ತಂದ್ರ ಮಾಡಿ ಕೊಡ್ತೇನಿ" ಅಂದಳು. ಆಮೇಲೆ ಕೇಳುವವರು ಕಡಿಮೆಯಾದರು.

ಕಣ್ಣು ಕಾಣುತ್ತಿದ್ದರೆ ನಾನು ಒಳಗೆ ಹೋಗುತ್ತಿರಲಿಲ್ಲ. ಅಲ್ಲಿಯವರೆಗೆ ಯಾವ ಹೋಟೆಲಿನಲ್ಲೂ ಕೂತವಳಲ್ಲ. ಯಾರು ನೋಡುತ್ತಿದ್ದಾರೆಂದು ಅಂದು ನನಗೆ ಕಾಣಲೇ ಇಲ್ಲ, ಅದೇ ಅನುಕೂಲವಾಯಿತು. ಒಳಗೆ ಫ್ಯಾಮಿಲಿ ರೂಮು ಎಂದು ಪ್ಲೈವುಡ್ ಹೊಡೆದು ಮೂರು ಸಣ್ಣ ಖೋಲಿ ಮಾಡಿದ್ದರು. ಒಂದೊಂದಕ್ಕೆ ಒಂದು ಮೇಜು, ಕೂಡಲು ಎರಡು ಬಾಕು, ಒಂದು ಪರದೆ, ಕರೆಯಲು ಒಂದು ಗಂಟೆಯ ಬಟನ್ನು. ಕಡೆಯ ಖೋಲಿ ಅಡಿಗೆಮನೆಗೆ ಹತ್ತಿಕೊಂಡಿತ್ತು. ಅಲ್ಲಿ ನಮ್ಮನ್ನು ಕೂಡಿಸಿದಳು. ನಾವು ಶಾಕಾಹಾರಿಗಳೆಂದು ಕೇಳಿ ತಿಳಿದು, ನಿಮ್ಮ ಅಜ್ಜನನ್ನು ಒಳಗೆ ಕರೆದೊಯ್ದು ಹಿಡಿಕೆಗೆ ಕೆಂಪು ದಾರ ಕಟ್ಟಿದ್ದ ಬೇರೆ ಕಡಾಯಿ ತೋರಿಸಿ ಕರೆತಂದಳು.

"ಏನ್ ಕೊಡ್ಲಿರಿ?"

ನಿಮ್ಮ ಅಜ್ಜ ರೂಢಿಯಂತೆ ಆಚೆ ಈಚೆ ನೋಡಿದರು. ನಿಮ್ಮ ಅವ್ವ ಜೊತೆಯಲ್ಲಿರಲಿಲ್ಲ. ಕಡೆಗೆ ಹೋಟೆಲಿನವಳಿಗೇ ಹೇಳಿದರು, "ಅವರಿಗೆ ಏನ್ ಬೇಕು, ಕೇಳ್ರಿ."

"ಯಾರಿಗ್ರೀ?"

"ಅವರಿಗೆ."

"ಅವರು ನಿಮ್ಮ ಎದುರಿಗೇ ಕುಂತಾರಲ್ರೀ ಅಣ್ಣಾರ! ನನಗಿಂತ ನೀವ ಹತ್ರ ಅದೀರಿ." ಅವಳು ನಕ್ಕು ಪರದೆ ಎಳೆದಳು. ಹೊರಗಿನಿಂದ ಹೇಳಿದಳು, "ಇಬ್ಬರೂ ಮಾತಾಡಿ ಮುಗಸ್ರಿ, ಆಮ್ಯಾಲ ಗಂಟಿ ಒತ್ರಿ. ಗಡಿಬಿಡಿ ಇಲ್ಲ."

ಮದುವೆಯಾಗಿ ಹದಿನೇಳು ವರ್ಷವಾಗಿತ್ತು. ಎದುರುಬದುರು ಕೂತದ್ದು ಅದೇ ಮೊದಲು. ಗೋಡೆಯಾಚೆ ಕಡಾಯಿಗೆ ಸೌಟು ಬಡಿಯುವ ಸಪ್ಪಳ. ಅವರು ಬಟನ್ನಿನ ಮೇಲೆ ಬೆರಳಿಟ್ಟರು, ತೆಗೆದರು. ಕಡೆಗೆ, "ಕಣ್ಣು ಉರೀತಾವೇನು?" ಅಂದರು.

"ಇಲ್ರಿ" ಅಂದೆ. ಉರಿಯುತ್ತಿದ್ದವು.

ಅಂದು ತಿಂದದ್ದು ಜೋಳದ ಕಾಳು ಹಾಕಿದ ಸೂಪು, ಗೋಬಿ ಮಂಚೂರಿಯನ್, ಫ್ರೈಡ್ ರೈಸ್. ಸೂಪು ನನಗೆ ಬಾಣಂತಿಯ ಗಂಜಿಯ ಹಾಗೆ ಕಂಡಿತು. ಮಂಚೂರಿಯನ್ ಹಾಗಲ್ಲ. ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಹುಳಿ, ಖಾರ, ಎಲ್ಲ ಒಮ್ಮೆಲೇ ಬಾಯಿಗೆ ಬಂದು ಮೂಗಿನಲ್ಲಿ ನೀರು. ಹೂಕೋಸಿಗೆ ಇಂಥ ರುಚಿ ಇರಬಹುದೆಂದು ನಂಬಲಾಗಲಿಲ್ಲ. ಕಡೆಗೆ ನಿಮ್ಮ ಅಜ್ಜ, "ಮಸರು ಐತೇನ್ರಿ? ಮಸರಿಲ್ದ ಊಟಾ ಮುಗದಂಗ ಅನಸಂಗಿಲ್ಲ" ಎಂದು ಕೇಳಿದರು. ಅವಳು, "ಚೀನಾದ ಅಡಗ್ಯಾಗ ಮಸರಿಲ್ರಿ, ಆದ್ರ ನಮ್ಮ ಮನ್ಯಾಗ ಐತಿ" ಎಂದು ಮೇಲಿನ ಮನೆಯಿಂದ ಒಂದು ಬಟ್ಟಲು ತಂದಿಟ್ಟಳು.

ಅಲ್ಲಿಂದ ತಿಂಗಳಿಗೆ ಎರಡು ಸಲ ಅಂಗಡಿಯ ರಜೆಯ ಸಂಜೆ ನಾವು ಅಲ್ಲಿಗೆ ಹೋಗತೊಡಗಿದೆವು. ಮನೆಯಲ್ಲಿ ಮಠಕ್ಕೆ ಹೋಗಿ ಬರುತ್ತೇವೆ ಎಂದು ಹೇಳುತ್ತಿದ್ದೆವು. ಮೂರನೆಯ ಖೋಲಿಯನ್ನು ಅವಳು ನಮಗಾಗಿ ಖಾಲಿ ಇಡುತ್ತಿದ್ದಳು. ಅಡಿಗೆಯ ಸಪ್ಪಳಕ್ಕೆ ನಮ್ಮ ಮಾತು ಪಕ್ಕದ ಖೋಲಿಗೆ ಕೇಳುತ್ತಿರಲಿಲ್ಲ. ಪರದೆ ಎಳೆದರೆ ಸಾಕು, ನಿಮ್ಮ ಅಜ್ಜ ಬೇರೆಯೇ ಮನುಷ್ಯ. ಗಿರಾಕಿಗಳ ಹಾಗೆ ನಟಿಸಿ ತೋರಿಸುವರು. ಎಂಟು ಸೀರೆ ತೆಗೆಸಿ ಕರವಸ್ತ್ರ ಕೊಂಡವಳು, ಅತ್ತೆಗೆ ಸೀರೆ ಆರಿಸುವಾಗ ಬೇಕೆಂದೇ ಬಣ್ಣಗೆಟ್ಟದ್ದು ಹುಡುಕಿದ ಸೊಸೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಹೊರಗಿನಿಂದ ಹೋಟೆಲಿನವಳು, "ಅಕ್ಕಾರ, ಮಂಚೂರಿ ಗಂಟಲಾಗ ಸಿಕ್ಕೀತು, ಹುಷಾರ್ರಿ" ಅನ್ನುತ್ತಿದ್ದಳು.

ನಿಮ್ಮ ಅವ್ವನ ಓದೂ ಅದೇ ಖೋಲಿಯಲ್ಲಿ ನಿಶ್ಚಯವಾಯಿತು. ಹತ್ತನೆಯ ಇಯತ್ತೆ ಮುಗಿದರೆ ಸಾಕು, ವರ ನೋಡೋಣವೆಂದು ಮನೆಯಲ್ಲಿ ಮಾತು ನಡೆದಿತ್ತು. ಮನೆಯಲ್ಲಾಗಿದ್ದರೆ ನನ್ನ ಅಭಿಪ್ರಾಯ ಯಾರೂ ಕೇಳುತ್ತಿರಲಿಲ್ಲ, ಕೇಳಿದರೂ ನನಗೆ ಬಾಯಿ ಬರುತ್ತಿರಲಿಲ್ಲ. ಅಲ್ಲಿ ಎರಡು ತಿಂಗಳು ನಾಲ್ಕು ಸಲ ಅದೇ ಮಾತು ತೆಗೆದೆ. ನಾಲ್ಕನೆಯ ಸಲ ಅವರು, "ಆತು, ಧಾರವಾಡಕ್ಕ ಕಳಸೂಣು, ಮಾಸ್ತರಿಕಿ ಕಲೀಲಿ. ಈಗ ಆ ಸೂಪು ಕುಡಿ, ಆರಿ ತಣ್ಣಗಾತು" ಅಂದರು.

ಮನೆಗೆ ಬಂದ ಮೇಲೆ ಮತ್ತೆ ಊಟಕ್ಕೆ ಕೂಡಬೇಕಲ್ಲ, ಅದೊಂದು ಕಷ್ಟ. ಮಠಕ್ಕೆ ಹೋದವರು ಹೊಟ್ಟೆ ತುಂಬಿದೆ ಎಂದು ಹೇಗೆ ಹೇಳುವುದು? ಎರಡು ರೊಟ್ಟಿ, ಪಲ್ಯ, ಅನ್ನ, ಎಲ್ಲ ನುಂಗಿ ಏಳಲಾರದೆ ಕೂತಿರುತ್ತಿದ್ದೆವು. ಅತ್ತೆ ವರ್ಷಗಟ್ಟಲೆ ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಒಂದು ದಿನ ನಾನು ನೀರು ಕೊಡಲು ಬಗ್ಗಿದಾಗ ಮೂಗು ಏರಿಸಿ ಕೇಳಿದರು.

"ಮಠದಾಗ ಬಳ್ಳೊಳ್ಳಿ ಪ್ರಸಾದ ಯಾವಾಗಿಂದ ಸುರು ಆಗೇತಿ?"

ಅವರು ನನ್ನ ಕೈಯ ತಂಬಿಗೆ ತೆಗೆದುಕೊಂಡು ನಿಧಾನವಾಗಿ ನೀರು ಕುಡಿದರು.

"ಹೋಗ್ರಿ, ಬ್ಯಾಡನ್ನಂಗಿಲ್ಲ. ದೇವರ ಹೆಸರಿಲೆ ಸುಳ್ಳ ಹೇಳಬ್ಯಾಡ್ರಿ, ಅಷ್ಟ." ತಂಬಿಗೆ ತಿರುಗಿ ಕೊಟ್ಟು ಹೇಳಿದರು, "ನನಗ ಇಂಥಾ ಮಠ ಒಂದೂ ಸಿಗಲಿಲ್ಲ ನೋಡು."

ಅತ್ತೆ ಇಪ್ಪತ್ತಾರನೆಯ ವಯಸ್ಸಿಗೆ ವಿಧವೆಯಾದವರು. ಮಾವನವರ ಬಗ್ಗೆ ಅವರು ನನ್ನೊಡನೆ ಹೇಳಿದ್ದು ಅದೇ ಮೊದಲ ಮಾತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಅಂದಿನಿಂದ ನಾವು ಹೋದ ದಿನ ಅವರು ನಮ್ಮ ಪಾಲಿನ ರೊಟ್ಟಿ ಬಡಿಯಲು ಬಿಡುತ್ತಿರಲಿಲ್ಲ. ಹಸಿವಿಲ್ಲವೆಂದು ನಾನೇ ಹೇಳಿರುತ್ತೇನೆ ಎಂದು ನಿಮ್ಮ ಅಜ್ಜ ತಿಳಿದಿದ್ದರು.

ಹೀಗೆ ಹತ್ತು ವರ್ಷ ನಡೆಯಿತು. ಆಮೇಲೆ ಕಾಲ ಬದಲಾಯಿತು. ಕಾಲೇಜಿನ ಹುಡುಗ ಹುಡುಗಿಯರು ಬಂದು ಒಂದು ಸೂಪು ತರಿಸಿಕೊಂಡು ಪರದೆ ಎಳೆದು ಮಧ್ಯಾಹ್ನವಿಡೀ ಕೂಡತೊಡಗಿದರು. ಓಣಿಯ ಹಿರಿಯರು ತಕರಾರು ತೆಗೆದರು. ಹೋಟೆಲಿನವಳು ಪ್ಲೈವುಡ್ ಕೀಳಿಸಿ, ಗೋಡೆಗೆ ಹಳದಿ ಬಣ್ಣ ಬಳಿಸಿ, ಟ್ಯೂಬ್‌ಲೈಟ್ ಹಾಕಿಸಿ ಒಂದೇ ಹಾಲ್ ಮಾಡಿದಳು. ನಾವು ಹೋದ ದಿನ ಬಾಗಿಲಲ್ಲೇ ನನ್ನ ಕೈ ಹಿಡಿದಳು. "ಏನ್ ಮಾಡ್ಲಿರಿ ಅಕ್ಕಾರ, ಊರ ಬಾಯಿಗೆ ನಾ ಒಬ್ಬಾಕಿ ಏನ್ ಪರದೆ ಹಾಕ್ಲಿ?"

ನಾವು ಗೋಡೆ ಪಕ್ಕದ ಮೇಜಿಗೆ ಕೂತೆವು. ಸುತ್ತ ಜನ. ನಿಮ್ಮ ಅಜ್ಜ ಮತ್ತೆ ಮನೆಯ ಮನುಷ್ಯನಾದರು. ತಟ್ಟೆ ನೋಡಿಕೊಂಡು ಉಂಡರು, ಹತ್ತೇ ನಿಮಿಷಕ್ಕೆ ಎದ್ದರು. ಮುಂದಿನ ಸಲವೂ ಹಾಗೇ. ಮಂಚೂರಿಯನ್ನಿನ ರುಚಿ ಅದೇ, ಕೆಂಪು ದಾರದ ಕಡಾಯಿಯೂ ಅದೇ. ನನಗೆ ಮಾತ್ರ ಒಂದೊಂದು ತುತ್ತೂ ಮಣ್ಣು. ಆರು ತಿಂಗಳು ಹೀಗೆ ಹೋಯಿತು. ಹತ್ತು ವರ್ಷದಲ್ಲಿ ಸಿಕ್ಕದ್ದು ಇಷ್ಟಕ್ಕೇ ಮುಗಿಯಿತೇನೋ ಎಂದು ಹೆದರಿದೆ. ಹೆದರಿಕೆ ಹೆಚ್ಚಾದರೆ ನಾಚಿಕೆ ಹಿಂದೆ ಸರಿಯುತ್ತದೆ ಎಂದು ನನಗೆ ಆಗ ತಿಳಿಯಿತು.

ಒಂದು ಸಂಜೆ ಹಾಲ್ ತುಂಬಿತ್ತು. ನಾನು ಚಮಚ ಕೆಳಗಿಟ್ಟೆ.

"ಏನ್ರೀ, ಒಂದ್ ಮಾತು ಕೇಳ್ಬೇಕ್ರಿ."

ಪಕ್ಕದ ಮೇಜಿನವರು ತಿರುಗಿದರು. ನಿಮ್ಮ ಅಜ್ಜ ಕಣ್ಣಿನಿಂದಲೇ ಸುಮ್ಮನಿರು ಎಂದರು. ನಾನು ಸುಮ್ಮನಾಗಲಿಲ್ಲ.

"ಮನ್ಯಾಗ ನನ್ನ ಕೂಡ ಯಾಕ ಮಾತಾಡಂಗಿಲ್ರಿ? ಭಾವನೋರು ಈಗ ಬ್ಯಾರೆ ಮನಿ ಮಾಡ್ಯಾರ. ಮಗಳು ಗಂಡನ ಮನಿಗೆ ಹೋದ್ಲು. ಈಗ ಯಾರ ಕೂಡ ಹೇಳಿ ಕಳಸ್ತೀರಿ?"

ಅವರು ಅನ್ನದ ಕಾಳುಗಳನ್ನು ಒತ್ತಟ್ಟಿಗೆ ಸರಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು, "ಅವ್ವ ಒಬ್ಬಾಕಿನ ಅದಾಳ. ನಾವಿಬ್ಬರೂ ಆಕಿ ಮುಂದ ನಕ್ಕೋತ ಮಾತಾಡಿದ್ರ ಆಕಿ ಜೀವಕ್ಕ ಹೆಂಗ ಆಗಬ್ಯಾಡ? ಸಣ್ಣಾಂವ ಇದ್ದಾಗಿಂದ ಆಕಿ ಅಳೂದು ನೋಡೇನಿ ನಾ."

ರೂಢಿಯಿಂದ ಎಂದು ನಾನು ತಿಳಿದಿದ್ದೆ. ರೂಢಿ ಒಂದು ನೆಪವಾಗಿತ್ತು. ತಾಯಿಯ ಜೀವ ನೋಯಬಾರದೆಂದು ಅವರು ಅಷ್ಟು ವರ್ಷ ಬಾಯಿ ಬಿಗಿಹಿಡಿದಿದ್ದರು. ಆಗ ಅತ್ತೆ ನನಗೆ ಹೇಳಿದ್ದ ಮಾತು, ಇಂಥ ಮಠ ತನಗೆ ಸಿಗಲಿಲ್ಲ ಎಂದದ್ದು, ಅವರಿಗೆ ಹೇಳಿದೆ. "ಅವರಿಗೆ ಎಲ್ಲಾ ಗೊತ್ತೈತ್ರಿ. ನಾವು ಹೋದ ದಿವ್ಸ ನಮ್ಮ ರೊಟ್ಟಿ ಬಡಿಯಾಕ ಬಿಡಂಗಿಲ್ಲ ಅವರು."

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಖಾರ ಹೆಚ್ಚಾಗಿದೆ ಎಂದು ಹೋಟೆಲಿನವಳಿಗೆ ಹೇಳಿದರು. "ಇವತ್ತ ಖಾರ ಹಾಕೇ ಇಲ್ರೀ ಅಣ್ಣಾರ" ಎಂದು ಅವಳು ಅಲ್ಲಿಂದಲೇ ಕೂಗಿದಳು.

ಮರುದಿನ ಬೆಳಿಗ್ಗೆ ಅತ್ತೆ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ನಿಮ್ಮ ಅಜ್ಜ ಅಡಿಗೆಮನೆಯ ಕಡೆ ಮುಖ ಮಾಡಿ, ಒಂದು ಸಲ ಕೆಮ್ಮಿ, "ಏ, ಚಾ ಆತೇನು?" ಅಂದರು. ನೇರವಾಗಿ, ನನಗೆ. ಅತ್ತೆ ತಲೆ ಎತ್ತದೆ, "ನನಗೂ ಒಂದ್ ಕಪ್ಪು ತಾ. ಅಂವ ಬಾಯಿ ಬಿಟ್ಟಾನ, ಛಲೋ ದಿವ್ಸ" ಅಂದರು.

ಆಮೇಲೆ ನನಗೆ ಸಿಕ್ಕದ್ದು ಎರಡೂವರೆ ವರ್ಷ. ಹೋಟೆಲಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಮಾತನ್ನು ಅಲ್ಲಿಯವರೆಗೂ ತಡೆಹಿಡಿಯುವ ಅಗತ್ಯ ಇರಲಿಲ್ಲ. ಬೆಳಿಗ್ಗೆ ಚಹಾದ ಹೊತ್ತಿಗೆ ಹಿಂದಿನ ದಿನದ ಗಿರಾಕಿಗಳ ಕಥೆ. ಅತ್ತೆ ಗೋಡೆಗೆ ಒರಗಿ ಕೇಳಿಸಿಕೊಳ್ಳದವರ ಹಾಗೆ ಕೂತಿರುವರು, ನಗುವ ಜಾಗ ಬಂದಾಗ ಮಾತ್ರ ಅವರ ಭುಜ ಕುಣಿಯುತ್ತಿತ್ತು.

ಕಡೆಯ ದಿನವೂ ನಿಮ್ಮ ಅಜ್ಜ ಒಂದು ಕಥೆ ಶುರು ಮಾಡಿದ್ದರು. ಹಳ್ಳಿಯ ಒಬ್ಬ ಹೆಣ್ಣುಮಗಳು ಬಂದು ರಾಶಿ ಸೀರೆ ತೆಗೆಸಿ, ಒಂದೊಂದನ್ನೂ ಮುಟ್ಟಿ ನೋಡಿ, ನಾಳೆ ಬರುತ್ತೇನೆಂದು ಹೋದಳಂತೆ. ಮರುದಿನ ಚೀಲದಲ್ಲಿ ಒಂದು ಹಳೆಯ ಸೀರೆ ತಂದು, ಪ್ರತಿಯೊಂದು ಹೊಸ ಸೀರೆಯ ಪಕ್ಕ ಅದನ್ನು ಹಾಸಿ ನೋಡಿ, ಏನೂ ಅನ್ನದೆ ಮಡಚಿಕೊಂಡು ಹೋದಳಂತೆ.

"ಮೂರನೇ ದಿವ್ಸ ಏನ್ ಮಾಡಿದ್ಲು ಗೊತ್ತೈತೇನು?"

"ಏನ್ ಮಾಡಿದ್ಲ್ರಿ?"

ಅವರು ಗಡಿಯಾರ ನೋಡಿದರು. "ಸಂಜಿಕ ಬಂದು ಹೇಳ್ತೇನಿ. ಅವಸರದಾಗ ಹೇಳೂ ಮಾತಲ್ಲ ಅದು." ಚಪ್ಪಲಿ ಮೆಟ್ಟಿ ಹೋದರು. ಮಧ್ಯಾಹ್ನ ಅಂಗಡಿಯಲ್ಲೇ ಎದೆನೋವು ಬಂದು ಕುಸಿದರೆಂದು ಸುದ್ದಿ ಬಂತು.

ನಮ್ಮ ಮನೆಯಲ್ಲಿ ಒಲೆ ಹೊತ್ತಿಸದ ಆ ದಿನಗಳಲ್ಲಿ ಹೋಟೆಲಿನವಳು ಅನ್ನ, ಸಾರು ಮಾಡಿ ತಂದಳು. ಸಾರು ನಮ್ಮ ಮನೆಯದರ ಹಾಗೇ ಇತ್ತು, ಎಲ್ಲಿ ಕಲಿತಳೋ. ತಿಂಗಳುಗಳು ಕಳೆದವು. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡದೆ ದಿನ ದೂಡುತ್ತಿದ್ದೆವು. ಒಂದು ಸಂಜೆ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

"ಆ ಹೆಣ್ಮಗಳು ಮೂರನೇ ದಿವ್ಸ ಏನ್ ಮಾಡಿದ್ಲಂತ?"

"ಗೊತ್ತಿಲ್ರೀ ಅತ್ತಿ. ಹೇಳಲಿಲ್ಲ."

"ಯಾರಿಗರ ಹೇಳಿರಬೇಕು ಅಂವ. ಹೋಗಿ ಕೇಳ್ಕೊಂಡು ಬಾ."

ಅಂಗಡಿಯವರನ್ನು ಕೇಳಿಸಿದೆ. ಆ ಮೂರನೆಯ ದಿನ ನಿಮ್ಮ ಅಜ್ಜ, ಆ ಹೆಣ್ಣುಮಗಳು ಇಬ್ಬರೇ ಮಹಡಿಯಲ್ಲಿದ್ದರಂತೆ, ಯಾರೂ ನೋಡಿಲ್ಲ. ಉಳಿದವಳು ಹೋಟೆಲಿನವಳು. ನಿಮ್ಮ ಅಜ್ಜ ಮನೆಗೆ ಬರುವಾಗ ಅವಳ ಬಾಗಿಲಲ್ಲಿ ನಿಂತು ನಾಲ್ಕು ಮಾತಾಡಿಯೇ ಬರುತ್ತಿದ್ದರು. ಒಬ್ಬಳೇ ಆ ಹೋಟೆಲಿನ ಮೆಟ್ಟಿಲು ಹತ್ತಿದ್ದು ನಾನು ಅದೇ ಮೊದಲು. ಅವಳು ನನ್ನನ್ನು ಕೂಡಿಸಿ, ಕಥೆಯನ್ನೆಲ್ಲ ಕೇಳಿ, ತಲೆ ಅಲ್ಲಾಡಿಸಿದಳು.

"ನನಗ ಹೇಳಿಲ್ರೀ ಅಕ್ಕಾರ. ಹೇಳಿದ್ರ ನಾ ಬಚ್ಚಿಟ್ಕೋತಿದ್ನೇನ್ರಿ?" ಸ್ವಲ್ಪ ಯೋಚಿಸಿ, "ಆ ಹಳೇ ಸೀರಿನ ಉಟಗೊಂಡು ಬಂದಿರಬೇಕ್ರಿ ಆಕಿ" ಅಂದಳು.

ಯಾವತ್ತೂ ಹೊರಗೆ ಬಾರದ ಅವಳ ಗಂಡ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. "ಇಲ್ಲ. ಮಗಳನ್ನ ಕರಕೊಂಡು ಬಂದಿರಬೇಕು" ಅಂದ. ಇಬ್ಬರಿಗೂ ಅಲ್ಲೇ ವಾದ ಹತ್ತಿತು. ನಾನು ನಕ್ಕೆ, ಏಳು ತಿಂಗಳ ಮೇಲೆ.

ಮನೆಗೆ ಬಂದು ಎರಡನ್ನೂ ಹೇಳಿದೆ. ಅತ್ತೆ ಎರಡನ್ನೂ ಒಪ್ಪಲಿಲ್ಲ. "ಅಷ್ಟಕ್ಕ ಅಂವ ಸಂಜಿತನಾ ಕಾಯಸ್ತಿದ್ದಿಲ್ಲ. ಬ್ಯಾರೆ ಏನೋ ಐತಿ."

ಅಂದಿನಿಂದ ಅದೇ ನಮ್ಮ ಸಂಜೆಯ ಮಾತಾಯಿತು. ನಾನೊಂದು ಹೇಳುವುದು, ಅವರು ಅಲ್ಲವೆನ್ನುವುದು. ಅವರೊಂದು ಹೇಳುವುದು, ನಾನು ಅಲ್ಲವೆನ್ನುವುದು. ನಾಲ್ಕು ವರ್ಷದ ಮೇಲೆ ಹೋಟೆಲಿನವರು ಅಂಗಡಿ ಮುಚ್ಚಿ ಮಗಳಿರುವ ಊರಿಗೆ ಹೊರಟರು. ಹೋಗುವ ದಿನ ಅವಳು ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಇನ್ನೊಂದು ಹೊಸದು ಹೇಳಿ ಹೋದಳು. ಅದೂ ಅಲ್ಲ. ಅದರ ಮರುವರ್ಷ ಅತ್ತೆ ಹೋದರು. ಈಗ ಸಂಜೆ ನಾನೊಬ್ಬಳೇ. ಒಂದೊಂದು ಸಲ ಇದೇ ಇರಬೇಕೆಂದು ಖಾತ್ರಿಯಾಗುತ್ತದೆ. ನಿಮ್ಮ ಅಜ್ಜನ ದನಿಯಲ್ಲಿ ಅದನ್ನು ಮನಸ್ಸಿನಲ್ಲೇ ಹೇಳಿಸಿ ನೋಡುತ್ತೇನೆ, ಶುರುವಿನಿಂದ, ಗಡಿಯಾರ ನೋಡುವವರೆಗೆ ಎಲ್ಲ ಸರಿಯಾಗಿ ಬರುತ್ತದೆ. ಅದರ ಮುಂದಿನದನ್ನು ಆ ದನಿ ಹೇಳುವುದಿಲ್ಲ.